ಕುಂಬಳಕಾಯಿ ಕಳ್ಳನ ಹೆಗಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಕೊರಿಯೋಗ್ರಾಫರ್ ಮ್ಯಾಥ್ಯೂ ಬೋರ್ನ್ ಅವರ ‘ದಿ ಕಾರ್ ಮ್ಯಾನ್’ ನೃತ್ಯರೂಪಕವನ್ನು ಪರಿಚಯಿಸಿದ್ದೆವು. ಅಮೆರಿಕದ ಒಂದು ಸಣ್ಣ ಊರು, ಅಲ್ಲೊಂದು ಗ್ಯಾರೇಜು. ಮಾಲೀಕ ಡಿನೊ, ಅವನ ಹೆಂಡತಿ ಲಾನಾ, ಕೆಲಸ ಹುಡುಕಿಕೊಂಡು ಬಂದ ಲೂಕಾ. ಲಾನಾ ಮತ್ತು ಲೂಕಾ ಸೇರಿ ಡಿನೊನನ್ನು ಕೊಲ್ಲುತ್ತಾರೆ. ಜೈಲಿಗೆ ಹೋಗುವವನು ಮಾತ್ರ ತಪ್ಪೇನೂ ಮಾಡದ ಆಂಜೆಲೊ ಎಂಬ ಹುಡುಗ. ಇಡೀ ಕಥೆ ಒಂದೂ ಮಾತಿಲ್ಲದೆ ಕುಣಿತದಲ್ಲೇ ನಡೆಯುತ್ತದೆ. ಇದನ್ನೋದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ: ಪಾಪಪ್ರಜ್ಞೆಯನ್ನು ಮೈಯಲ್ಲಿ ತೋರಿಸುವುದು ಹೇಗೆ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಇದು ‘ಕಾರ್ಮೆನ್’ ಒಪೆರಾದ ಕಥೆ ಎಂದು ಕೇಳಿದ್ದೆ. ನೀವು ಅಪರಾಧ ಕಾದಂಬರಿ ಎಂದಿದ್ದೀರಿ. ಯಾವುದು ಸರಿ?
ಓದುಗರು, ಮೈಸೂರು

ಎರಡೂ ಸರಿ. ಸಂಗೀತ ‘ಕಾರ್ಮೆನ್’ನದು, ಕಥೆಯ ಬೆನ್ನೆಲುಬು ಅಪರಾಧ ಕಾದಂಬರಿಯದು. ಫ್ರಾನ್ಸಿನ ಸಂಗೀತ ಸಂಯೋಜಕ ಬಿಜೆಯ ‘ಕಾರ್ಮೆನ್’ ಒಪೆರಾ ಪ್ಯಾರಿಸ್ಸಿನಲ್ಲಿ ಮೊದಲು ನಡೆದದ್ದು 1875ರಲ್ಲಿ. ಅದರ ಜಿಪ್ಸಿ ಹುಡುಗಿ, ಸೈನಿಕ, ಗೂಳಿಕಾಳಗದವನನ್ನು ಬೋರ್ನ್ ಪೂರ್ತಿ ಕೈಬಿಟ್ಟರು. ಅವರ ಜಾಗಕ್ಕೆ ಜೇಮ್ಸ್ ಎಂ. ಕೇನ್ 1934ರಲ್ಲಿ ಪ್ರಕಟಿಸಿದ ‘ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಕಾದಂಬರಿಯ ಮೂವರನ್ನು ತಂದರು: ಅಲೆಮಾರಿ, ಹೋಟೆಲಿನವನ ಹೆಂಡತಿ, ಹೋಟೆಲಿನವ. 1946ರ ಸಿನಿಮಾದಲ್ಲಿ ಆ ಹೆಂಡತಿಯ ಪಾತ್ರ ಮಾಡಿದವರು ಲಾನಾ ಟರ್ನರ್. ನೃತ್ಯದ ನಾಯಕಿಯ ಹೆಸರೂ ಲಾನಾ. 2000ದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಮೊದಲ ಪ್ರದರ್ಶನ ಕಂಡ ಈ ಕೃತಿ 2007, 2015 ಮತ್ತು 2022ರಲ್ಲಿ ಮತ್ತೆ ರಂಗಕ್ಕೆ ಬಂದಿದೆ. ರಂಗಸಜ್ಜಿಕೆ ಲೆಜ್ ಬ್ರದರ್‌ಸ್ಟನ್ ಅವರದು.

ಕಾದಂಬರಿಗೂ ನೃತ್ಯಕ್ಕೂ ಇರುವ ದೊಡ್ಡ ವ್ಯತ್ಯಾಸ ಆಂಜೆಲೊ. ಕೇನ್ ಅವರ ಪುಸ್ತಕದಲ್ಲಿ ಕೊಲೆಯಾದ ಮೇಲೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ನಂಬದೆ ಬೇಯುತ್ತಾರೆ. ವಕೀಲ, ವಿಮಾ ಕಂಪನಿ, ಬರೆದುಕೊಟ್ಟ ತಪ್ಪೊಪ್ಪಿಗೆ, ಆ ಕಾಗದ ಹಿಡಿದು ಹಣ ಕೀಳಲು ಬರುವವ: ಎಲ್ಲವೂ ಕಾಗದದ ಮೇಲೆ ನಡೆಯುವ ವ್ಯವಹಾರ. ಕಾಗದವನ್ನು ಕುಣಿಯಲಾಗದು. ಆದ್ದರಿಂದ ಬೋರ್ನ್ ಒಬ್ಬ ನಿರಪರಾಧಿಯನ್ನು ಜೈಲಿನಲ್ಲಿ ಕೂರಿಸಿದರು. ಲೂಕಾ ಕುಡಿದು, ಜೂಜಾಡಿ, ಸತ್ತ ಡಿನೊ ಕಣ್ಣಮುಂದೆ ಬಂದಂತಾಗಿ ನಡುಗುವಾಗ ಆಂಜೆಲೊ ಎಲ್ಲಿದ್ದಾನೆ ಎಂಬುದು ಪ್ರೇಕ್ಷಕರಿಗೆ ಗೊತ್ತಿರುತ್ತದೆ. ಕಾದಂಬರಿಯನ್ನು ನೃತ್ಯಕ್ಕೆ ತರುವವರು ಇದೊಂದನ್ನು ಕಲಿತರೂ ಸಾಕು: ಪಾಪಪ್ರಜ್ಞೆಗೆ ವೇದಿಕೆಯ ಮೇಲೆ ಇನ್ನೊಂದು ಮೈ ಬೇಕು.

ಭರತನಾಟ್ಯದಲ್ಲಿ ಮುಖಾಭಿನಯವಿದೆ, ಕಂಟೆಂಪರರಿ (ಸಮಕಾಲೀನ) ನೃತ್ಯದಲ್ಲಿ ಮುಖ ಹೆಚ್ಚಾಗಿ ಖಾಲಿಯೇ ಇರುತ್ತದೆ. ಮಾತೂ ಇಲ್ಲ, ಮುಖವೂ ಇಲ್ಲ ಎಂದರೆ ಒಳಗಿನ ತಪ್ಪಿತಸ್ಥ ಭಾವ ಹಿಂದಿನ ಸಾಲಿನವರಿಗೆ ಮುಟ್ಟುವುದು ಹೇಗೆ?
ನೃತ್ಯ ಶಿಕ್ಷಕಿ, ಶಿರಸಿ

ಮೇಡಂ, ಉತ್ತರ ನಮ್ಮ ಗಾದೆಯಲ್ಲೇ ಇದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೂದುಗುಂಬಳವನ್ನು ಹೊತ್ತು ತಂದರೆ ಅದರ ಬಿಳಿ ಬೂದಿ ಹೆಗಲಿಗೆ ಹತ್ತುತ್ತದೆ. ಕಳ್ಳ ಯಾರೆಂದು ಯಾರೂ ಹೆಸರು ಹೇಳಿಲ್ಲ. ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಆ ಕ್ಷಣ ಅವನ ಮುಖ ಹೇಗಿತ್ತೆಂದು ಗಾದೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ದುಃಖಕ್ಕೂ ಪಾಪಪ್ರಜ್ಞೆಗೂ ಮೈಯಲ್ಲಿರುವ ವ್ಯತ್ಯಾಸ ಇಲ್ಲಿದೆ. ದುಃಖಿತ ಮೈ ಭಾರ ಬಿಟ್ಟು ಕುಸಿಯುತ್ತದೆ. ತಪ್ಪು ಮಾಡಿದ ಮೈ ಕುಸಿಯಲು ಒಪ್ಪುವುದಿಲ್ಲ, ಕುಸಿದರೆ ಎಲ್ಲರೂ ನೋಡುತ್ತಾರೆ. ಎಂದಿನಂತೆ ಇರಲು ಅದು ಹೆಣಗುತ್ತದೆ, ಒಂದು ಕಡೆ ಮಾತ್ರ ಸೋಲುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕೊಲೆಯಾದ ಕೂಡಲೇ ಎರಡೂ ಕೈಯಲ್ಲಿ ತಲೆ ಹಿಡಿದು, ಮಂಡಿಯೂರಿ, ಬೆನ್ನು ಬಾಗಿಸಿ ನಡುಗಿಬಿಡುತ್ತಾರೆ. ಪ್ರೇಕ್ಷಕರಿಗೆ ‘ಪಾಪ, ಇವನಿಗೇನೋ ದುಃಖ’ ಅನ್ನಿಸಿ ಮುಗಿಯುತ್ತದೆ.

ತಾಲೀಮಿನಲ್ಲಿ ಹೀಗೆ ಮಾಡಿ ನೋಡಿ. ಪಾತ್ರದ ಕಸುಬಿನಿಂದ ಒಂದೇ ಒಂದು ದಿನನಿತ್ಯದ ಚಲನೆ ಆರಿಸಿ. ಮೆಕ್ಯಾನಿಕ್ ಆದರೆ ಬಟ್ಟೆಚೂರಿನಲ್ಲಿ ಕೈ ಒರೆಸಿಕೊಳ್ಳುವುದು ಇರಲಿ. ಅದಕ್ಕೆ ನಾಲ್ಕು ಎಣಿಕೆ ಕೊಡಿ. ಕೊಲೆಗೆ ಮೊದಲು ಅದನ್ನು ಮೂರು ಸಲ, ಮೂರು ಬೇರೆ ಸಂದರ್ಭದಲ್ಲಿ ತೋರಿಸಿ. ಒಂದು ಸಲ ತೋರಿಸಿದರೆ ಕಣ್ಣು ಗುರುತಿಸುವುದಿಲ್ಲ, ಎರಡನೆಯದು ಆಕಸ್ಮಿಕ ಅನ್ನಿಸುತ್ತದೆ, ಮೂರನೆಯದಕ್ಕೆ ಅದು ಇವನದೇ ಅಭ್ಯಾಸ ಎಂದು ಸ್ಥಿರವಾಗುತ್ತದೆ. ಕೊಲೆಯ ನಂತರ ಅದೇ ಚಲನೆ ಬರಲಿ, ಆದರೆ ಬಟ್ಟೆ ಇಲ್ಲದೆ. ಮುಂದಿನ ಸಲ ಮೂರನೇ ಎಣಿಕೆಗೆ ಕೈ ನಿಂತುಬಿಡಲಿ. ಅದರ ಮುಂದಿನ ಸಲ ಅವನು ಪ್ರಿಯತಮೆಯ ಕೆನ್ನೆ ಸವರಲು ಹೋದಾಗ ಅದೇ ಒರೆಸುವ ಚಲನೆ ಬಂದುಬಿಡಲಿ. ಪ್ರತಿ ಸಲ ಒಂದೇ ಅಂಶ ಬದಲಾಗಬೇಕು: ವೇಗ, ದಿಕ್ಕು ಅಥವಾ ಜಾಗ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಅದು ಹೊಸ ಚಲನೆಯಾಗುತ್ತದೆ, ಹಳೆಯದರ ನೆನಪು ಕಡಿದುಹೋಗುತ್ತದೆ.

ಇನ್ನೊಂದು ಉಪಾಯ ಹಿಂದಿನ ಸಾಲಿಗೂ ಸಲೀಸಾಗಿ ಮುಟ್ಟುತ್ತದೆ. ಗುಂಪಿನಲ್ಲಿ ಎಂಟು ಜನ ಒಂದನೇ ಎಣಿಕೆಗೆ ತಲೆ ತಿರುಗಿಸುವಾಗ ಅಪರಾಧಿ ಎರಡನೇ ಎಣಿಕೆಗೆ ತಿರುಗಿಸಲಿ. ಉಳಿದೆಲ್ಲ ಹೆಜ್ಜೆ ಸಮನಾಗಿರಲಿ. ಅಭ್ಯಾಸದ ಕೊರತೆಯಂತೆ ಕಾಣದಿರಬೇಕಾದರೆ ತಡ ಯಾವಾಗಲೂ ಒಂದೇ ಅಳತೆಯದ್ದಾಗಿರಬೇಕು, ಮತ್ತೆ ಗುಂಪು ಅಪ್ಪಟ ನಿಖರವಾಗಿರಬೇಕು. ಗುಂಪಿನಲ್ಲಿ ಇನ್ನೊಬ್ಬರು ತಪ್ಪಿದರೂ ಉಪಾಯ ಕೆಡುತ್ತದೆ.

ನಿಮ್ಮ ಮಕ್ಕಳಿಗೆ ಶಾಸ್ತ್ರದ ತಳಹದಿ ಇರುವುದರಿಂದ ಒಂದು ಮಾತು. ನಾಟ್ಯಶಾಸ್ತ್ರದ 33 ವ್ಯಭಿಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ಪಾಪಪ್ರಜ್ಞೆಗೆ ನೇರವಾದ ಹೆಸರಿಲ್ಲ. ಶಂಕೆ, ಗ್ಲಾನಿ (ಬಳಲಿಕೆ), ವ್ರೀಡೆ (ನಾಚಿಕೆ), ಅವಹಿತ್ಥ ಇವುಗಳನ್ನು ಸೇರಿಸಿಕೊಂಡು ಕಟ್ಟಬೇಕು. ಅವುಗಳಲ್ಲಿ ಅವಹಿತ್ಥವನ್ನೇ ಗಟ್ಟಿಯಾಗಿ ಹಿಡಿಯಿರಿ. ಒಳಗಿನ ಭಾವವನ್ನು ಮರೆಮಾಚುವುದು ಎಂಬ ಅದರ ಅರ್ಥದಲ್ಲೇ ನಿಮ್ಮ ಇಡೀ ಪಾತ್ರವಿದೆ. ಕಂಟೆಂಪರರಿಗೆ ಬರುವಾಗ ಅದನ್ನು ಕಣ್ಣು ಹುಬ್ಬಿನಿಂದ ಇಳಿಸಿ ಪಕ್ಕೆಲುಬು, ಹೆಗಲು, ಉಸಿರಿಗೆ ತನ್ನಿ.

ನಮ್ಮದು ಎಂಟು ಜನರ ಕಾಲೇಜು ತಂಡ. 20 ನಿಮಿಷದ ರೂಪಕ. ಕೊಲೆಯ ದೃಶ್ಯದಲ್ಲಿ ನಿಜವಾದ ಪಾನಾ ಹಿಡಿದು, ರಕ್ತ ತೋರಿಸಬೇಕೆಂದಿದ್ದೇವೆ. ಸಮಯ ಹೇಗೆ ಹಂಚಬೇಕು, ಏನು ಎಚ್ಚರಿಕೆ?
ವಿದ್ಯಾರ್ಥಿಗಳು, ಹಾಸನ

ಮೊದಲು ಸಮಯ. ಬಹಳ ತಂಡಗಳು 15 ನಿಮಿಷ ಪ್ರೇಮ, ಜಗಳ, ಸಂಚು ಎಂದು ಕಳೆದು, ಕೊಲೆಯನ್ನು ಕೊನೆಗಿಟ್ಟು ದೀಪ ಆರಿಸುತ್ತವೆ. ಅದು ಅಪರಾಧದ ರೂಪಕವಾಗಬಹುದು, ಪಾಪಪ್ರಜ್ಞೆಯದಾಗುವುದಿಲ್ಲ. ನಿಮ್ಮ 20 ನಿಮಿಷದಲ್ಲಿ ಊರಿನ ಸಾಮಾನ್ಯ ದಿನಕ್ಕೆ ನಾಲ್ಕು, ಆಸೆಗೆ ಮೂರು, ಕೊಲೆಗೆ ಎರಡು ಕೊಡಿ. ಉಳಿದ ಹನ್ನೊಂದು ನಿಮಿಷ ಕೊಲೆಯ ನಂತರದ್ದು.

ಸಂಬಂಧಗಳನ್ನೂ ಕಡಿಮೆ ಮಾಡಿ. ನೃತ್ಯದಲ್ಲಿ ಅತ್ತೆ ಇರುವುದಿಲ್ಲ ಎಂದು ಬ್ಯಾಲೆ ಲೋಕದ ಜಾರ್ಜ್ ಬ್ಯಾಲಂಚೀನ್ ಹೇಳುತ್ತಿದ್ದರು. ಗಂಡ, ಹೆಂಡತಿ, ಪ್ರಿಯಕರ ಎಂಬುದನ್ನು ಮೈ ಹೇಳಬಲ್ಲದು. ನಾದಿನಿ, ಷಡ್ಡಕ, ಸಾಲ ಕೊಟ್ಟವನು ಎಂಬುದನ್ನು ಹೇಳಲಾರದು. ಕೊರಿಯೋಗ್ರಾಫರ್ ಹೊಸೆ ಲಿಮೋನ್ 1949ರಲ್ಲಿ ಶೇಕ್ಸ್‌ಪಿಯರನ ಒಥೆಲೊ ಕಥೆಯನ್ನು ‘ದಿ ಮೂರ್ಸ್ ಪವಾನ್’ ಎಂಬ ಹೆಸರಲ್ಲಿ ನಾಲ್ಕೇ ನರ್ತಕರು, ಒಂದು ಕರವಸ್ತ್ರದಲ್ಲಿ ಮುಗಿಸಿದರು. ಅದೂ ಸುಮಾರು 20 ನಿಮಿಷದ್ದೇ. ಸಿಕ್ಕರೆ ಅದರ ಚಿತ್ರೀಕರಣ ನೋಡಿ, ಎಷ್ಟೊಂದು ಬಿಟ್ಟಿದ್ದಾರೆ ಎಂಬುದನ್ನು ಪಟ್ಟಿ ಮಾಡಿ.

ನಿಜವಾದ ಪಾನಾ ಬೇಡ, ಖಂಡಿತ ಬೇಡ. ಬೆವರಿದ ಕೈಯಿಂದ ಜಾರಿದ ಕಬ್ಬಿಣ ಸಹನರ್ತಕರ ಹಲ್ಲು ಮುರಿಯುತ್ತದೆ. ಗಟ್ಟಿ ಫೋಮ್ ಹಾಳೆಯನ್ನು ಎರಡು ಪದರ ಅಂಟಿಸಿ ಪಾನಾದ ಆಕಾರಕ್ಕೆ ಕತ್ತರಿಸಿ, ಬೆಳ್ಳಿ ಬಣ್ಣದ ಮೇಲೆ ಒಣ ಬ್ರಷ್‌ನಲ್ಲಿ ಕಪ್ಪು ಸವರಿ. ಹಗುರವಾದದ್ದನ್ನು ಭಾರವಾಗಿ ತೋರಿಸುವುದು ನರ್ತಕನ ಮಣಿಕಟ್ಟಿನ ಕೆಲಸ. ಎತ್ತುವಾಗ ಮೊದಲು ಹೆಗಲು ಏಳಲಿ, ಆಮೇಲೆ ಮೊಣಕೈ, ಕೊನೆಗೆ ಪಾನಾ.

ಹೊಡೆತ ಕಲಿಯುವ ಕ್ರಮ: ಇಬ್ಬರ ನಡುವೆ ಚಾಚಿದ ಕೈ, ಆಯುಧ, ಅದರ ಮೇಲೆ ಇನ್ನೊಂದು ಅಡಿ ಅಂತರವಿರಲಿ. ಹೊಡೆಸಿಕೊಳ್ಳುವವರು ಪ್ರೇಕ್ಷಕರಿಂದ ದೂರದ ಬದಿಯಲ್ಲಿ, ಹೊಡೆಯುವವರು ಹತ್ತಿರದ ಬದಿಯಲ್ಲಿ ನಿಂತರೆ ಆ ಒಂದಡಿ ಯಾರಿಗೂ ಕಾಣುವುದಿಲ್ಲ. ಹೊಡೆಯುವ ಮೊದಲು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಡ್ಡಾಯ, ಅದೇ ‘ನಾನು ಸಿದ್ಧ’ ಎಂಬ ಸನ್ನೆ. ಕಾಲು ವೇಗದಲ್ಲಿ ಮೊದಲ ವಾರ, ಅರ್ಧ ವೇಗದಲ್ಲಿ ಎರಡನೇ ವಾರ, ಮುಕ್ಕಾಲು ವೇಗ ಆಮೇಲೆ. ಪ್ರದರ್ಶನಕ್ಕೂ ಮುಕ್ಕಾಲು ವೇಗವೇ ಸಾಕು. ಅದಕ್ಕಿಂತ ಜೋರಾದರೆ ಪ್ರೇಕ್ಷಕರ ಕಣ್ಣಿಗೇ ಹೊಡೆತ ಸಿಗುವುದಿಲ್ಲ. ಏಟಿನ ಸದ್ದನ್ನು ಸೈಡ್ ವಿಂಗಿನಲ್ಲಿ, ಅಂದರೆ ವೇದಿಕೆ ಬದಿಯ ಪರದೆಯ ಮರೆಯಲ್ಲಿ, ನಿಂತವರೊಬ್ಬರು ಚಪ್ಪಾಳೆಯಿಂದ ಕೊಡಲಿ. ಪ್ರತಿ ಪ್ರದರ್ಶನಕ್ಕೆ ಮುನ್ನ, ಅದು ಎಷ್ಟನೆಯ ಪ್ರದರ್ಶನವಾದರೂ ಸರಿ, ಈ ಎರಡು ನಿಮಿಷವನ್ನು ನಿಧಾನವಾಗಿ ಒಮ್ಮೆ ಮಾಡಿ ನೋಡಲೇಬೇಕು.

ಹೆಣ ಎತ್ತುವಾಗ ಆಗುವ ತಪ್ಪು ಬೇರೆಯದು. ಸತ್ತವನ ಪಾತ್ರ ಮಾಡುವವರು ಪೂರ್ತಿ ಸಡಿಲಬಿಟ್ಟರೆ ಎತ್ತುವವರ ಸೊಂಟ ಹಿಡಿಯುತ್ತದೆ. ಹೊಟ್ಟೆ, ಬೆನ್ನು ಬಿಗಿಯಾಗಿಯೇ ಇರಲಿ. ತಲೆ, ಮೊಣಕೈ, ಕಾಲ್ಬೆರಳು ಮಾತ್ರ ಜೋತುಬೀಳಲಿ. ಅಷ್ಟಕ್ಕೇ ನೋಡುವವರಿಗೆ ಇಡೀ ಮೈ ಸತ್ತಂತೆ ಕಾಣುತ್ತದೆ.

ರಕ್ತದ ವಿಷಯ. ಒಂದು ಲೋಟ ದಪ್ಪ ಸಕ್ಕರೆ ಪಾಕ, ಕಾಲು ಚಮಚ ಕೆಂಪು ಫುಡ್ ಕಲರ್, ಎರಡು ಚಿಟಿಕೆ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ದೀಪದಡಿ ಅದು ಶರಬತ್ತಿನಂತೆ ಹೊಳೆಯುತ್ತದೆ. ಬಾಯಿಗೆ ತಾಗದ ಕಡೆ ಬಳಸುವುದಾದರೆ ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಬಟ್ಟೆಯ ಕಲೆ ಹೋಗುವುದು ಸುಲಭವಾಗುತ್ತದೆ. ಪಾಕ ನೆಲಕ್ಕೆ ಬಿದ್ದ ಕೂಡಲೇ ಜಾರುತ್ತದೆ, ಕೆಲ ನಿಮಿಷದಲ್ಲಿ ಒಣಗಿ ಅಂಟುತ್ತದೆ. ಈ ಎರಡನೆಯದೇ ಹೆಚ್ಚು ಅಪಾಯ. ತಿರುಗುವಾಗ ಪಾದ ಅಂಟಿ ನಿಂತು ಮೊಣಕಾಲು ಮಾತ್ರ ತಿರುಗಿಬಿಡುತ್ತದೆ. ಅದಕ್ಕೇ ಸುರಿಯುವುದು ಬೇಡ. ನೆಲ್ಲಿಕಾಯಿ ಗಾತ್ರದ ಸ್ಪಂಜು ಚೂರಿಗೆ ಒಂದು ಚಮಚ ರಕ್ತ ಕುಡಿಸಿ ಅಂಗೈಯಲ್ಲಿ ಬಚ್ಚಿಟ್ಟುಕೊಳ್ಳಿ, ಬಿಳಿ ಬನಿಯನ್ನಿಗೆ ಒತ್ತಿ. ನಮ್ಮನ್ನು ಕೇಳಿದರೆ, ಸತ್ತವನ ಮೈಮೇಲಿನ ರಕ್ತಕ್ಕಿಂತ ಕೊಂದವನ ತೋಳಿನ ಮೇಲೆ ಉಳಿದ ಒಂದು ಬೆರಳಿನಷ್ಟು ಕಲೆ ಮುಂದಿನ ಹನ್ನೊಂದು ನಿಮಿಷ ಕೆಲಸ ಮಾಡುತ್ತದೆ.

2022ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ‘ದಿ ಕಾರ್ ಮ್ಯಾನ್’ ನೋಡಿದೆವು. ಗೊತ್ತಿರುವ ರಾಗವೇ, ಆದರೆ ಅಲ್ಲಲ್ಲಿ ಏನೋ ಕಳೆದುಹೋದಂತೆ ಕೇಳಿಸಿತು. ನಮ್ಮ ಕಿವಿಯ ತಪ್ಪೇ?
ಕನ್ನಡಿಗ ದಂಪತಿ, ಲಂಡನ್

ನಿಮ್ಮ ಕಿವಿ ಬಹಳ ಚೆನ್ನಾಗಿದೆ. ರೂಪಕದ ಸಂಗೀತಕ್ಕೆ ಆಧಾರ ರಷ್ಯದ ಸಂಗೀತ ಸಂಯೋಜಕ ರೊಡಿಯನ್ ಶೆಡ್ರಿನ್ ಅವರ ‘ಕಾರ್ಮೆನ್ ಸೂಟ್’. ಪತ್ನಿ, ಮಾಸ್ಕೋದ ಬೋಲ್ಶಾಯ್ ಬ್ಯಾಲೆ ತಂಡದ ನರ್ತಕಿ ಮಾಯಾ ಪ್ಲಿಸೆಟ್ಸ್‌ಕಾಯಾಗಾಗಿ 1967ರಲ್ಲಿ ಅದನ್ನು ಮಾಡಿದರು. ಬಿಜೆಯ ವಾದ್ಯವೃಂದದಿಂದ ಊದುವ ವಾದ್ಯಗಳನ್ನೆಲ್ಲ ತೆಗೆದು, ತಂತಿವಾದ್ಯ ಮತ್ತು ತಾಳವಾದ್ಯಗಳನ್ನಷ್ಟೇ ಉಳಿಸಿಕೊಂಡರು. ಗೂಳಿಕಾಳಗದವನ ಹಾಡಿನಲ್ಲಿ ಒಂದು ಕಡೆ ರಾಗವನ್ನೇ ಎತ್ತಿಬಿಟ್ಟು ಹಿಮ್ಮೇಳವನ್ನು ಮಾತ್ರ ನುಡಿಸುತ್ತಾರೆ. ಜಗತ್ತಿಗೇ ಗೊತ್ತಿರುವ ಹಾಡಾದ್ದರಿಂದ ಕೇಳುಗರ ತಲೆಯೊಳಗೆ ರಾಗ ತಾನಾಗಿ ಓಡುತ್ತದೆ. ಮುಕ್ಕಾಲು ಗಂಟೆಯ ಆ ಕೃತಿಯನ್ನು ಇಡೀ ಸಂಜೆಯ ರೂಪಕಕ್ಕೆ ಹೊಂದಿಸಿ, ಹೊಸ ಭಾಗಗಳನ್ನು ಬರೆದವರು ಟೆರಿ ಡೇವಿಸ್.

ಇಲ್ಲದ್ದು ಕೇಳಿಸುವುದು: ತಪ್ಪು ಮಾಡಿದವನ ಸ್ಥಿತಿಗೆ ಇದಕ್ಕಿಂತ ಹತ್ತಿರದ ಸಂಗೀತ ಬೇರೆ ಯಾವುದಿದೆ?

ಕಾದಂಬರಿಯಿಂದ ಪ್ರೇರಿತ ಎಂದು ಕರಪತ್ರದಲ್ಲಿ ಹಾಕಿದರೆ ಸಾಕೇ, ಅನುಮತಿ ಬೇಕೇ?
ಹವ್ಯಾಸಿ ತಂಡ, ಬೆಳಗಾವಿ

ವಿಷಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಹೆಂಡತಿ ಮತ್ತು ಪ್ರಿಯಕರ ಸೇರಿ ಗಂಡನನ್ನು ಕೊಲ್ಲುವುದು ಯಾರ ಸ್ವತ್ತೂ ಅಲ್ಲ. ಆದರೆ ನಿರ್ದಿಷ್ಟ ಕಾದಂಬರಿಯ ಪಾತ್ರ, ಘಟನೆಗಳ ಜೋಡಣೆ, ಹೆಸರು ಬಳಸಿದರೆ ಅನುಮತಿ ಬೇಕು, ಕರಪತ್ರದಲ್ಲಿ ಕೃತಜ್ಞತೆ ಹೇಳಿದ ಮಾತ್ರಕ್ಕೆ ಸಾಲದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕೊಲೆ, ಪಾಪಪ್ರಜ್ಞೆಯ ಕಾದಂಬರಿಗಳನ್ನು ಬರೆದ ರಷ್ಯದ ದಾಸ್ತಯೇವ್‌ಸ್ಕಿ 1881ರಲ್ಲಿ, ಫ್ರಾನ್ಸಿನ ಎಮಿಲ್ ಜೋಲಾ 1902ರಲ್ಲಿ ತೀರಿಕೊಂಡರು, ಅವರ ಮೂಲ ಕೃತಿಗಳು ಮುಕ್ತ. ಆದರೆ ನೀವು ಓದುವ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯಾಗಿ ಇರಬಹುದು, ಮರೆಯಬೇಡಿ. ಕೇನ್ ಅವರ ಕಾದಂಬರಿಗೆ ಅಮೆರಿಕದಲ್ಲಿ 2029ರ ಕೊನೆಯವರೆಗೂ ಹಕ್ಕು ಇದೆ.

ಸಂಗೀತದಲ್ಲಿ ಎರಡು ಹಕ್ಕು: ಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಬಿಜೆಯ ಸ್ವರಗಳು ಮುಕ್ತ, ಶೆಡ್ರಿನ್ ಜೋಡಣೆ ಮುಕ್ತವಲ್ಲ. ಬೇರೆಯವರ ನೃತ್ಯ ಸಂಯೋಜನೆಯನ್ನು ವಿಡಿಯೋ ನೋಡಿ ಹೆಜ್ಜೆಗೆ ಹೆಜ್ಜೆ ಇಳಿಸುವುದೂ ತಪ್ಪು. ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾದ ನೃತ್ಯ ಸಂಯೋಜನೆಯನ್ನು ಕಾನೂನು ನಾಟಕಕೃತಿ ಎಂದೇ ಎಣಿಸುತ್ತದೆ. ನಿಮ್ಮದನ್ನೂ ಹಾಗೆ ದಾಖಲಿಸಿಡಿ.

ಸತ್ತವನು ಮತ್ತೆ ಬರುವ ದೃಶ್ಯಕ್ಕೆ ಹೊಗೆ ಬಿಟ್ಟು, ಹಸಿರು ದೀಪ ಹಾಕಿದೆವು. ಜನ ನಕ್ಕರು. ಏನು ತಪ್ಪಾಯಿತು?
ಓದುಗರು, ಮಂಗಳೂರು

ಹೊಗೆಯೂ ಹಸಿರೂ ‘ಈಗ ಭೂತ ಬರುತ್ತದೆ’ ಎಂದು ಮೊದಲೇ ಸಾರಿಬಿಟ್ಟವು. ಹೊಗೆ ಯಂತ್ರದ ದ್ರವ ನೆಲದ ಮೇಲೆ ಕೂತು ಬರಿಗಾಲಿಗೆ ಜಾರುತ್ತದೆ, ಅದೊಂದು ತೊಂದರೆ ಬೇರೆ. ಸತ್ತವನನ್ನು ಗುಂಪಿನೊಳಗಿಂದಲೇ ತನ್ನಿ. ಹತ್ತು ಜನ ಕುಣಿಯುತ್ತಿದ್ದಾರೆ, ಸಾಲು ಒಡೆದು ಮತ್ತೆ ಕೂಡಿದಾಗ ಹನ್ನೊಂದು ಜನರಿದ್ದಾರೆ. ಕೊಲೆಯಾದ ದಿನದ್ದೇ ಉಡುಪು, ಬದುಕಿದ್ದಾಗಿನದೇ ನಡಿಗೆ. ಯಾರೂ ಅವನನ್ನು ನೋಡುವುದಿಲ್ಲ, ಕೊಂದವನ ಹೊರತು.

ದೀಪದ ಬಗ್ಗೆ: ಎದುರಿನ ದೀಪ ಮೈಯನ್ನು ಚಪ್ಪಟೆ ಮಾಡುತ್ತದೆ. ಎರಡೂ ಬದಿಯ ವಿಂಗಿನಲ್ಲಿ ಸ್ಟ್ಯಾಂಡ್ ನಿಲ್ಲಿಸಿ ಮೂರು ಎತ್ತರದಲ್ಲಿ ದೀಪ ಕಟ್ಟಿ: ನೆಲದಿಂದ ಒಂದಡಿ, ನಾಲ್ಕೂವರೆ ಅಡಿ, ಏಳು ಅಡಿ. ಕೆಳಗಿನದು ಮಾತ್ರ ಉರಿದರೆ ಕಾಲು ನೆಲಬಿಟ್ಟಂತೆ ಕಾಣುತ್ತದೆ. ಸತ್ತವನ ಪ್ರವೇಶದ ಹೊತ್ತಿಗೆ ಎದುರಿನ ದೀಪವನ್ನು 30 ಸೆಕೆಂಡಿನಲ್ಲಿ, ಯಾರ ಗಮನಕ್ಕೂ ಬಾರದಂತೆ ಇಳಿಸಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಹೇರಿ, ಬಿಳಿ ಟೇಪ್ ಸುತ್ತಿ. ಕತ್ತಲಲ್ಲಿ ಓಡಿ ಒಳಹೋಗುವ ನರ್ತಕರು ಮೊದಲು ಎಡವುವುದು ಅದಕ್ಕೇ.

ಕನ್ನಡದ್ದೇ ಕೃತಿಯಿಂದ ಇಂಥದ್ದು ಮಾಡಬಹುದೇ?
ಓದುಗರು, ಸಾಗರ

ಖಂಡಿತ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನೇ ಎತ್ತಿಕೊಳ್ಳಿ. ರಾಣಿ ಅಮೃತಮತಿ, ಮಾವುತ ಅಷ್ಟಾವಂಕ, ವಿಷದಿಂದ ಸಾಯುವ ಗಂಡ. ಕೇನ್ ಕಾದಂಬರಿಗೆ ಏಳುನೂರು ವರ್ಷ ಮೊದಲೇ ಆ ಮೂವರೂ ಕನ್ನಡದಲ್ಲಿದ್ದಾರೆ. ಜನ್ನನ ದೃಷ್ಟಿ ಇನ್ನೂ ಆಳವಾದದ್ದು. ಪಾಪದ ಹೊರೆ ಹೊತ್ತು ಜನ್ಮ ಜನ್ಮ ತಿರುಗುವವನು ಕೊಲೆಯಾದ ಯಶೋಧರನೇ. ತಾಯಿಯ ಮಾತಿಗೆ ಕಟ್ಟುಬಿದ್ದು ಅವನು ಕಡಿದದ್ದು ಹಿಟ್ಟಿನ ಕೋಳಿಯನ್ನು, ಜೀವ ಇಲ್ಲದ್ದನ್ನು. ಕಡಿದಾಗ ಅದು ಕೂಗಿತು. ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬ ಮಾತು ಆ ಒಂದು ಕೂಗಿನಲ್ಲಿದೆ. ತಾಯಿ ಮಗ ನವಿಲು, ನಾಯಿ, ಹಾವು ಎಂದು ಮೈ ಬದಲಿಸುತ್ತ ಹೋಗುವ ಭವಾವಳಿ, ಅಂದರೆ ಜನ್ಮಗಳ ಸಾಲು, ಕಂಟೆಂಪರರಿ ನರ್ತಕರಿಗೆ ಕೇಳದೆ ಸಿಕ್ಕ ವರ. ಜನ್ನನ ಕಾವ್ಯಕ್ಕೆ ಯಾರ ಅನುಮತಿಯೂ ಬೇಡ. ಇದೇ ವಸ್ತುವಿನ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೆ 2079ರ ಕೊನೆಯವರೆಗೂ ಬೇಕು.

ಕೋಳಿಯ ಕೂಗನ್ನು ಸ್ಪೀಕರಿನಿಂದ ಬಿಡಬೇಡಿ. ಗುಂಪಿನ ಒಬ್ಬರ ಗಂಟಲಿನಿಂದ, ಇಡೀ ರೂಪಕದಲ್ಲಿ ಒಂದೇ ಸಲ ಬರಲಿ. ತಾಲೀಮಿಗೆ ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲು ನೀರು ಕಲಸಿ ಮಾಡಿದ ಒಣಕೋಳಿ ತಿಂಗಳುಗಟ್ಟಲೆ ಬಾಳುತ್ತದೆ. ಪ್ರದರ್ಶನಕ್ಕೆ ಮಾತ್ರ ಅದೇ ದಿನ ಕಲಸಿದ ಗಟ್ಟಿ ಹಿಟ್ಟಿನದು ಬೇಕು, ಒಣಗಿದ್ದು ತುಂಡಾಗದೆ ಪುಡಿಯಾಗುತ್ತದೆ. ಅಂಟದಿರಲೆಂದು ಮೇಲೆ ಒಣಹಿಟ್ಟು ಉದುರಿಸಿರುತ್ತೀರಿ, ಅದು ನೆಲಕ್ಕೆ ಬಿದ್ದರೆ ಪಾದ ಜಾರುತ್ತದೆ. ಆದ್ದರಿಂದ ಕೆಳಗೆ ಕಪ್ಪು ಬಟ್ಟೆ ಹಾಸಿ. ಕಡಿದಾದ ಮೇಲೆ ಯಶೋಧರ ಆ ಬಟ್ಟೆಯನ್ನೇ ಗಂಟು ಕಟ್ಟಿ ಹೆಗಲ ಮೇಲೆ ಹೊತ್ತುಕೊಂಡು ಹೋಗಲಿ. ಮುಂದಿನ ದೃಶ್ಯಕ್ಕೆ ಅವನ ಹೆಗಲನ್ನು ಒರೆಸಬೇಡಿ.